ಪಿಕಪ್ ಎಲ್ಲಿ ಹೋಯ್ತು? ಹಳೇ ಹ್ಯಾಚ್‌ಬ್ಯಾಕ್ ಒಂದರ ರಿಪೇರಿ ಟಿಪ್ಪಣಿ

ಕಾರು 2014ರದ್ದು. 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, ಮ್ಯಾನುಯಲ್ ಗೇರ್, ಹೆಚ್ಚುಕಡಿಮೆ ಲಕ್ಷ ಕಿಲೋಮೀಟರ್ ಓಡಿದೆ. ಬೆಂಗಳೂರಿನೊಳಗೆ ಓಡಿಸುವಾಗ ಯಾವ ತೊಂದರೆಯೂ ಗೊತ್ತಾಗುವುದಿಲ್ಲ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಚೆನ್ನಾಗೇ ಹೋಗುತ್ತದೆ. ಹೆದ್ದಾರಿಯಲ್ಲಿ ಲಾರಿ ದಾಟೋಣ ಅಂತ ಪೆಡಲ್ ಪೂರ್ತಿ ಒತ್ತಿದಾಗ ಬಣ್ಣ ಬಯಲಾಗುತ್ತದೆ. ಒಂದೆರಡು ಸೆಕೆಂಡ್ ಎಳೆಯುತ್ತದೆ, ಆಮೇಲೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಆಗುತ್ತದೆ. ಅರ್ಧ ಪೆಡಲ್‌ಗೂ ಪೂರ್ತಿ ಪೆಡಲ್‌ಗೂ ವ್ಯತ್ಯಾಸವೇ ಇಲ್ಲ. ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುವಾಗ, ಮೊದಲು ಮೂರನೇ ಗೇರ್‌ನಲ್ಲಿ ಆರಾಮಾಗಿ ಹೋಗುತ್ತಿದ್ದ ಏರುಗಳಲ್ಲೂ ಎರಡನೇ ಗೇರ್ ಕೇಳಲು ಶುರು ಮಾಡಿತು.

ಚೆಕ್ ಇಂಜಿನ್ ಲೈಟ್ ಇಲ್ಲ. ಮಿಸ್ಸಿಂಗ್ ಇಲ್ಲ. ಹೊಗೆ ಇಲ್ಲ. ಐಡಲ್‌ನಲ್ಲಿ ಅಲುಗಾಟವೂ ಇಲ್ಲ.

ಗ್ಯಾರೇಜಿಗೆ ಹೋಗಿ 'ಪಿಕಪ್ ಇಲ್ಲ' ಅಂದರೆ ಏನು ಸಿಗುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ಒಬ್ಬರು ಪ್ಲಗ್ ಮತ್ತು ಕಾಯಿಲ್ ಅಂದರು. ಇನ್ನೊಬ್ಬರು ಇಂಜಿನ್‌ಗೆ ಗಾಳಿ ಒಳಬಿಡುವ ಥ್ರಾಟಲ್ ಬಾಡಿ, ಇಂಜೆಕ್ಟರ್ ಕ್ಲೀನಿಂಗ್ ಅಂದರು. ಮತ್ತೊಬ್ಬರು ಓಡಿಸಿ ನೋಡದೆಯೇ ಕ್ಲಚ್ ಪ್ಲೇಟ್ ಅಂದರು. 'ಹಳೇ ಗಾಡಿ ಸರ್, ಇನ್ನು ಇಷ್ಟೇ ಎಳೆಯೋದು' ಅನ್ನುವ ಸಮಾಧಾನವೂ ಸಿಕ್ಕಿತು. ಇವೆಲ್ಲ ಆಗಬಾರದ್ದೇನಲ್ಲ, ಆದರೆ ಒಂದೊಂದೇ ಬದಲಿಸುತ್ತಾ ಹೋದರೆ ಕಾರಿನ ಅರ್ಧ ಬೆಲೆ ಅಲ್ಲೇ ಮುಗಿಯುತ್ತದೆ. ಹಾಗಾಗಿ ಒಂದು ಪಾರ್ಟ್ ಕೂಡ ಕೊಳ್ಳುವ ಮೊದಲು ಅಳೆದು ನೋಡುವುದು ಅಂತ ತೀರ್ಮಾನಿಸಿದೆ.

ಮೊದಲು ಇಂಜಿನ್ ಬಿಟ್ಟು ಉಳಿದದ್ದು

ಇಂಜಿನ್ ಶಕ್ತಿ ಕೊಡುತ್ತಿಲ್ಲವಾ, ಅಥವಾ ಕೊಟ್ಟ ಶಕ್ತಿ ಚಕ್ರ ಮುಟ್ಟುತ್ತಿಲ್ಲವಾ? ಮೊದಲು ಗೊತ್ತಾಗಬೇಕಾದ್ದು ಇದು.

ಕ್ಲಚ್ ನೋಡುವುದು ಸುಲಭ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ಗೆ ಹಾಕಿ, 40ರಲ್ಲಿ ಪೆಡಲ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ, ಸ್ಪೀಡ್ ಅಲ್ಲೇ ನಿಂತರೆ ಕ್ಲಚ್ ಸ್ಲಿಪ್ ಆಗುತ್ತಿದೆ ಅಂತ ಅರ್ಥ. ನನ್ನ ಕಾರಿನಲ್ಲಿ ಎರಡೂ ಜೊತೆಜೊತೆಗೆ, ಅಷ್ಟೇ ನಿಧಾನಕ್ಕೆ ಏರಿದವು. ಗೇರ್ ಬದಲಾಗದಿದ್ದರೆ ಆರ್‌ಪಿಎಂ ಭಾಗಿಸು ಸ್ಪೀಡ್ ಯಾವಾಗಲೂ ಒಂದೇ ಇರಬೇಕು, ಇಲ್ಲಿ ಹಾಗೇ ಇತ್ತು. ಕ್ಲಚ್ ಚೆನ್ನಾಗಿದೆ.

ಬ್ರೇಕ್‌ನಲ್ಲಿ ಮಾತ್ರ ಒಂದು ಸಿಕ್ಕಿತು. ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿದೆ. ಮುಟ್ಟಬೇಡಿ, ಸುಮ್ನೆ ಹತ್ತಿರ ಹಿಡಿದರೆ ಸಾಕು. ಮುಂದಿನ ಎಡಗಡೆ ಚಕ್ರ ಉಳಿದವಕ್ಕಿಂತ ಚೆನ್ನಾಗಿಯೇ ಬಿಸಿಯಾಗಿತ್ತು. ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಕೆಳಗಿನ ಸ್ಲೈಡ್ ಪಿನ್ ಒಣಗಿ ಕಚ್ಚಿಕೊಂಡಿತ್ತು, ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿತ್ತು. ಪಿನ್ ಬಿಚ್ಚಿ, ಉಜ್ಜಿ ತೊಳೆದು, ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚಿ ಕೂರಿಸಿದೆ. ಮಾಮೂಲಿ ಗ್ರೀಸ್ ಹಚ್ಚಬೇಡಿ, ಪಿನ್ನಿನ ರಬ್ಬರ್ ಬೂಟ್ ಉಬ್ಬಿಕೊಂಡು ಮತ್ತೆ ಅದೇ ಕಥೆ ಆಗುತ್ತದೆ. ಚಕ್ರ ಹಗುರಾಗಿ ತಿರುಗತೊಡಗಿತು, ನ್ಯೂಟ್ರಲ್‌ನಲ್ಲಿ ಕಾರು ಹೆಚ್ಚು ದೂರ ಉರುಳುತ್ತದೆ. ಆದರೆ ಪೂರ್ತಿ ಪೆಡಲ್‌ನ ಆ ಹಿಡಿತ ಹೋಗಲಿಲ್ಲ. ಅಂದರೆ ಇದು ಇನ್ನೊಂದು ತೊಂದರೆ, ಮುಖ್ಯವಾದದ್ದಲ್ಲ.

ಓಬಿಡಿ ಹಾಕಿ ಕೂತಿದ್ದು

ಇಂಜಿನ್ ಕಂಪ್ಯೂಟರ್‌ನ ಲೆಕ್ಕಗಳನ್ನು ಓದಲು ಸ್ಟೀರಿಂಗ್ ಕೆಳಗಿರುವ ಓಬಿಡಿ ಪೋರ್ಟ್‌ಗೆ ಇಎಲ್‌ಎಂ 327 ಬ್ಲೂಟೂತ್ ಡಾಂಗಲ್ ಚುಚ್ಚಿ, ಮೊಬೈಲ್ ಆ್ಯಪ್‌ನಲ್ಲಿ ಓದಿದೆ. ಅಗ್ಗದ ಡಾಂಗಲ್‌ಗಳು ನಿಧಾನ. ಹತ್ತು ಹದಿನೈದು ರೀಡಿಂಗ್ ಒಟ್ಟಿಗೆ ಕೇಳಿದರೆ ಒಂದೊಂದೂ ಸೆಕೆಂಡುಗಟ್ಟಲೆ ತಡವಾಗಿ ಬರುತ್ತದೆ, ಆಗ ಅದರಿಂದ ಏನೂ ಉಪಯೋಗವಿಲ್ಲ. ಒಂದು ಸಲಕ್ಕೆ ಮೂರೋ ನಾಲ್ಕೋ ಮಾತ್ರ ಆರಿಸಿಕೊಳ್ಳಿ.

ಮೊದಲ ಪ್ರಶ್ನೆ, ಗಾಳಿ ಸಾಕಷ್ಟು ಒಳಗೆ ಹೋಗುತ್ತಿದೆಯಾ? ನನ್ನ ಇಂಜಿನ್‌ನಲ್ಲಿ ಗಾಳಿ ಅಳೆಯುವುದು ಮ್ಯಾಪ್ ಸೆನ್ಸರ್, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೇಳುವ ಸೆನ್ಸರ್. ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಹಾಗಾಗಿ ಇಲ್ಲಿ ಸುಮಾರು 91 ಕಿಲೋಪ್ಯಾಸ್ಕಲ್. ಇದೇ ಕಾರು ಮಂಗಳೂರಿನಲ್ಲಿ 101ರ ಹತ್ತಿರ ತೋರಿಸುತ್ತದೆ. ಟರ್ಬೋ ಇಲ್ಲದ ಇಂಜಿನ್ ಬೆಂಗಳೂರಿನಲ್ಲಿ ಕರಾವಳಿಗಿಂತ ಹತ್ತಿರ ಹತ್ತಿರ ಶೇಕಡಾ 10ರಷ್ಟು ಕಡಿಮೆ ಎಳೆಯುತ್ತದೆ ಅನ್ನುವುದು ಇದರಿಂದಲೇ ಬಂದದ್ದು. ಅದು ಕಾರಿನ ತಪ್ಪಲ್ಲ, ಗಾಳಿಯೇ ತೆಳು. ಊರಿಗೆ ಹೋದಾಗ ಕಾರು ಚುರುಕಾಗುತ್ತದೆ ಅಂತ ಕರಾವಳಿಯವರು ಹೇಳುವುದು ಬರೀ ಊರ ಪ್ರೀತಿಯಲ್ಲ!

ಈಗ ಓಡಿಸುತ್ತಾ ಪೆಡಲ್ ಪೂರ್ತಿ ಒತ್ತಿದಾಗ ಈ ಸಂಖ್ಯೆ ಹೊರಗಿನ ಒತ್ತಡದ ಹತ್ತಿರಕ್ಕೆ ಬರಬೇಕು. ನನಗೆ 88, 89 ಬಂತು, ಆರ್‌ಪಿಎಂ ಏರಿದರೂ ಕುಸಿಯಲಿಲ್ಲ. ಅಂದರೆ ಥ್ರಾಟಲ್ ಪೂರ್ತಿ ತೆರೆಯುತ್ತಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿಲ್ಲ, ಇನ್‌ಟೇಕ್ ದಾರಿ ಸಲೀಸಾಗಿದೆ. ಥ್ರಾಟಲ್ ಬಾಡಿ ಕ್ಲೀನಿಂಗ್‌ನ ಖರ್ಚು ಇಲ್ಲಿಗೆ ಉಳಿಯಿತು.

ಎರಡನೇದು ಫ್ಯುಯಲ್ ಟ್ರಿಮ್. ಇಂಜಿನ್ ಕಂಪ್ಯೂಟರ್‌ಗೆ ತನ್ನ ಲೆಕ್ಕದ ಮೇಲೆ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಕೊಡಬೇಕಾಗಿ ಬರುತ್ತಿದೆ ಅನ್ನುವುದನ್ನು ಇದು ಶೇಕಡಾವಾರು ಹೇಳುತ್ತದೆ. ಶಾರ್ಟ್ ಟರ್ಮ್ ಅಂದರೆ ಆ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಅಂದರೆ ಕಲಿತಿಟ್ಟುಕೊಂಡ ತಿದ್ದುಪಡಿ. ಸೊನ್ನೆಯ ಆಸುಪಾಸು ಇದ್ದರೆ ಸರಿ. ನನ್ನದು ಐಡಲ್‌ನಲ್ಲಿ ಪ್ಲಸ್ 7, ಹೆದ್ದಾರಿಯಲ್ಲಿ 80ರಲ್ಲಿ ಹೋಗುವಾಗ ಪ್ಲಸ್ 14, ಏರಿನಲ್ಲಿ ಪ್ಲಸ್ 19. ಭಾರ ಬಿದ್ದಷ್ಟೂ 'ಪೆಟ್ರೋಲ್ ಸಾಲುತ್ತಿಲ್ಲ, ಇನ್ನೂ ಕೊಡು' ಅಂತ ಕಂಪ್ಯೂಟರ್ ಕೂಗುತ್ತಿದೆ. ಇನ್ನಷ್ಟು ಏರಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅನ್ನುವ ಪಿ0171 ಕೋಡ್ ಬಂದು ಲೈಟ್ ಹತ್ತುತ್ತಿತ್ತು, ಅಲ್ಲಿಯವರೆಗೆ ಕಾರು ಬಾಯಿಬಿಡುವುದಿಲ್ಲ.

ಇಲ್ಲೊಂದು ಸಣ್ಣ ವಿಷಯ. ಈ ಪ್ಲಸ್ 7ರಲ್ಲಿ ಒಂದು ಪಾಲು ತೊಂದರೆಯೇ ಅಲ್ಲ, ಬಂಕ್‌ನಿಂದ ಬಂದದ್ದು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು, ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ. ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಶೇಕಡಾ 20 ಬೆರೆಸಿದಾಗ ಅದು 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಸ್ವಲ್ಪ ಜಾಸ್ತಿ ಸುರಿಯಬೇಕು. ಹಳೇ ಪೆಟ್ರೋಲ್‌ಗೆ ಅಂತ ಲೆಕ್ಕ ಹಾಕಿಟ್ಟ ಇಂಜಿನ್‌ನಲ್ಲಿ ಟ್ರಿಮ್ ಪ್ಲಸ್ 4ರಿಂದ 8ರವರೆಗೆ ಏರಿದರೆ ಅದು ಇ20ರ ಬಾಬತ್ತು. ಇದು ಗೊತ್ತಿಲ್ಲದೆ 'ಪ್ಲಸ್ 6 ಇದೆ, ಎಲ್ಲೋ ಲೀಕ್ ಇದೆ' ಅಂತ ಮೆತುವಾದ ಪೈಪ್‌ಗಳನ್ನೆಲ್ಲ ಬದಲಿಸಿದವರನ್ನು ನೋಡಿದ್ದೇನೆ. ಆದರೆ ಇ20ರ ಪರಿಣಾಮ ಐಡಲ್‌ನಲ್ಲೂ ಏರಿನಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. 7ರಿಂದ 19ಕ್ಕೆ ಏರಲು ಅದು ಕಾರಣವಾಗಲು ಸಾಧ್ಯವಿಲ್ಲ, ಅಲ್ವಾ?

ಸೈಲೆನ್ಸರ್ ಕಡೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಕಟ್ಟಿಕೊಂಡಿದ್ದರೂ ಹೀಗೇ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. ಆದರೆ ಮ್ಯಾಪ್ ಸೆನ್ಸರ್ ಇರುವ ಇಂಜಿನ್‌ನಲ್ಲಿ ಆಗ ಟ್ರಿಮ್ ಮೈನಸ್ ಕಡೆ ಹೋಗುತ್ತದೆ. ಸುಟ್ಟ ಗಾಳಿ ಹೊರಗೆ ಹೋಗದೆ ಹೊಸ ಗಾಳಿಗೆ ಜಾಗ ಸಿಗುವುದಿಲ್ಲ, ಕಂಪ್ಯೂಟರ್ ಮಾತ್ರ ಗಾಳಿ ತುಂಬಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ, ಮಿಶ್ರಣ ರಿಚ್ ಆಗುತ್ತದೆ. ನನ್ನದು ಪೂರ್ತಿ ಉಲ್ಟಾ. ಹಾಗಾಗಿ ಕ್ಯಾಟ್ ಬಿಚ್ಚುವ ಗೋಜಿಗೆ ಹೋಗಲಿಲ್ಲ.

ಮೂರನೇದು ಆಕ್ಸಿಜನ್ ಸೆನ್ಸರ್, ಕ್ಯಾಟ್‌ಗಿಂತ ಮುಂಚೆ ಇರುವುದು. ಸುಟ್ಟ ಗಾಳಿಯಲ್ಲಿ ಉಳಿದ ಆಮ್ಲಜನಕ ನೋಡಿ, ಪೆಟ್ರೋಲ್ ಜಾಸ್ತಿ ಇದ್ದರೆ ಹೆಚ್ಚು ವೋಲ್ಟೇಜ್, ಕಡಿಮೆ ಇದ್ದರೆ ಕಡಿಮೆ ವೋಲ್ಟೇಜ್ ಕೊಡುತ್ತದೆ. ಇದೇ ನಿಜ ಹೇಳಿದ್ದು. ಮಾಮೂಲಿ ಓಟದಲ್ಲಿ ಅದರ ವೋಲ್ಟೇಜ್ 0.1 ಮತ್ತು 0.9ರ ನಡುವೆ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಕಂಪ್ಯೂಟರ್ ಬೇಕೆಂದೇ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಆಗ ಅದು 0.8, 0.9ಕ್ಕೆ ಹೋಗಿ ಅಲ್ಲೇ ಕೂರಬೇಕು. ನೆಲಮಂಗಲ ದಾಟಿದ ಮೇಲೆ ಖಾಲಿ ಸಿಕ್ಕ ಕಡೆ ನಾನು ಓಡಿಸಿದೆ, ಪಕ್ಕದ ಸೀಟಿನಲ್ಲಿ ನನ್ನ ತಮ್ಮ ಮೊಬೈಲ್ ಹಿಡಿದು ಕೂತ. ಮೂರನೇ ಗೇರ್, ಪೂರ್ತಿ ಪೆಡಲ್. 0.86, 0.87, 0.85 ಅಂತ ಓದುತ್ತಿದ್ದವನು 3,500 ಆರ್‌ಪಿಎಂ ದಾಟುತ್ತಿದ್ದ ಹಾಗೆ 'ಅಣ್ಣ, ಬಿದ್ದೋಯ್ತು!' ಅಂದ. 0.12. ಕಾರು ಹಿಡಿದುಕೊಂಡಂತೆ ನನಗನ್ನಿಸಿದ ಕ್ಷಣವೂ ಅದೇ.

ಪೂರ್ತಿ ಪೆಡಲ್‌ನಲ್ಲಿ ಲೀನ್. ಗಾಳಿ ಬೇಕಾದಷ್ಟಿದೆ, ಪೆಟ್ರೋಲ್ ಇಲ್ಲ. ಹೀಗೆ ಲೀನ್ ಆಗಿ ಎಳೆಸುತ್ತಾ ಹೋದರೆ ಒಳಗೆ ಬಿಸಿ ಏರಿ ನಾಕಿಂಗ್, ಅಂದರೆ ಪೆಟ್ರೋಲ್ ಹದ ತಪ್ಪಿ ತಾನೇ ಸಿಡಿಯುವುದು, ಶುರುವಾಗುತ್ತದೆ, ಪಿಸ್ಟನ್‌ಗೂ ವಾಲ್ವ್‌ಗೂ ಒಳ್ಳೆಯದಲ್ಲ. ಇದು ಗೊತ್ತಾದ ಮೇಲೆ ಪೂರ್ತಿ ಪೆಡಲ್ ಪರೀಕ್ಷೆ ನಿಲ್ಲಿಸಿದೆ.

ಪ್ರೆಶರ್ ಇದೆ, ಹರಿವು ಇಲ್ಲ

ಪೆಟ್ರೋಲ್ ಟ್ಯಾಂಕ್‌ನಿಂದ ಇಂಜೆಕ್ಟರ್‌ವರೆಗೆ ಎಲ್ಲಿ ನಿಲ್ಲುತ್ತಿದೆ ಅನ್ನುವುದು ಮುಂದಿನ ಪ್ರಶ್ನೆ. ಇದಕ್ಕೆ ಫ್ಯುಯಲ್ ಪ್ರೆಶರ್ ಗೇಜ್ ಇರುವ, ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಈ ಕಾರಿನಲ್ಲಿ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್ ಮೇಲೆ ಗೇಜ್ ಹಾಕುವ ವಾಲ್ವ್ ಇಲ್ಲ, ಲೈನ್ ಬಿಚ್ಚಿ ನಡುವೆ ಟಿ ಆಕಾರದ ಪೈಪ್ ಜೋಡಿಸಬೇಕು. ಇರಬೇಕಾದ್ದು 3 ಬಾರ್. ಬೇರೆ ಕಾರುಗಳಲ್ಲಿ 3.5 ಅಥವಾ 4 ಇರಬಹುದು, ನಿಮ್ಮ ಕಾರಿನ ಮ್ಯಾನುಯಲ್ ನೋಡಿ. ಕೀ ಆನ್ ಮಾಡಿದಾಗ 3, ಐಡಲ್‌ನಲ್ಲಿ 2.9. ರೇಸ್ ಕೊಟ್ಟಾಗ 2.5ಕ್ಕೆ ಇಳಿದು ನಿಧಾನವಾಗಿ ಮೇಲೆ ಬಂತು. 'ಪ್ರೆಶರ್ ಚೆನ್ನಾಗೇ ಇದೆಯಲ್ಲ ಸರ್' ಅಂದರು.

ಇಲ್ಲೇ ಹೆಚ್ಚಿನವರು ಪಂಪ್ ಸರಿ ಇದೆ ಅಂತ ಮುಂದಕ್ಕೆ ಹೋಗಿಬಿಡುತ್ತಾರೆ. ಐಡಲ್‌ನಲ್ಲಿ ಇಷ್ಟು ದೊಡ್ಡ ಇಂಜಿನ್ ಗಂಟೆಗೆ ಒಂದು ಲೀಟರ್ ಕೂಡ ಕುಡಿಯುವುದಿಲ್ಲ. ಪೂರ್ತಿ ಪೆಡಲ್‌ನಲ್ಲಿ, ಮೇಲಿನ ಆರ್‌ಪಿಎಂನಲ್ಲಿ ಅದೇ ಇಂಜಿನ್ ಗಂಟೆಗೆ 20 ಲೀಟರ್‌ಗೂ ಹೆಚ್ಚಿನ ಲೆಕ್ಕದಲ್ಲಿ ಕೇಳುತ್ತದೆ. ಎಳನೀರಿನ ಸ್ಟ್ರಾ ತುದಿಗೆ ಗಂಜಿ ಸಿಕ್ಕಿಕೊಂಡಾಗ ನಿಧಾನವಾಗಿ ಹೀರಿದರೆ ಬರುತ್ತದೆ, ಜೋರಾಗಿ ಹೀರಿದರೆ ಕೆನ್ನೆ ಒಳಗೆ ಹೋಗುತ್ತದೆ ಅಷ್ಟೇ. ನಿಂತ ಕಾರಿಗೆ ರೇಸ್ ಕೊಟ್ಟರೂ ಭಾರ ಇರುವುದಿಲ್ಲ, ಹಾಗಾಗಿ ಗೇಜ್ ಮುಳ್ಳು ಪೂರ್ತಿ ನಿಜ ಹೇಳುವುದಿಲ್ಲ.

ಅದಕ್ಕೆ ಹರಿವನ್ನೇ ಅಳೆದೆವು. ಲೈನ್‌ನ ತುದಿಯನ್ನು ಅಳತೆಯ ಕ್ಯಾನ್‌ಗೆ ಬಿಟ್ಟು, ಪಂಪ್‌ಗೆ ಕರೆಂಟ್ ಬಿಡುವ ಸ್ವಿಚ್‌ನಂಥ ರಿಲೇ ಜಾಗದಲ್ಲಿ ವೈರ್ ಕೊಟ್ಟು ಅರ್ಧ ನಿಮಿಷ ಪಂಪ್ ಓಡಿಸುವುದು. ಚೆನ್ನಾಗಿರುವ ಪಂಪ್ ಇಷ್ಟರಲ್ಲಿ ಅರ್ಧ ಲೀಟರ್‌ಗಿಂತ ಜಾಸ್ತಿ ಸುರಿಯಬೇಕು. ಬಂದದ್ದು ಸುಮಾರು 250 ಮಿಲಿಲೀಟರ್, ಅದೂ ನಡುನಡುವೆ ಗುಳ್ಳೆ ಸೇರಿಕೊಂಡು. ಇದನ್ನು ಮನೆಯ ಪಾರ್ಕಿಂಗ್‌ನಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ತೆರೆದ ಪೆಟ್ರೋಲ್ ಪಕ್ಕದಲ್ಲೇ ವೈರ್ ಕಿಡಿ. ಗ್ಯಾರೇಜಿನಲ್ಲೂ ನಾವು ಬಯಲಿಗೆ ತಂದು, ರಿಲೇ ಕಡೆಗೂ ಕ್ಯಾನ್‌ಗೂ ದೂರ ಇಟ್ಟು, ಫೈರ್ ಎಕ್ಸ್‌ಟಿಂಗ್ವಿಷರ್ ಪಕ್ಕದಲ್ಲಿಟ್ಟುಕೊಂಡೇ ಮಾಡಿದ್ದು.

ಪಂಪ್‌ಗೆ ಬೈಯುವ ಮೊದಲು ಅದಕ್ಕೆ ಕರೆಂಟ್ ಸರಿಯಾಗಿ ಹೋಗುತ್ತಿದೆಯಾ ಅಂತಲೂ ನೋಡಿದೆವು. ಇಂಜಿನ್ ಓಡುವಾಗ ಪಂಪ್ ಕನೆಕ್ಟರ್‌ನಲ್ಲಿ 13.6 ವೋಲ್ಟ್. ಅರ್ತ್ ಕಡೆಯ ನಷ್ಟ 0.1ಕ್ಕಿಂತ ಕಡಿಮೆ. ವೈರಿಂಗ್ ಸರಿ. ಉಳಿದದ್ದು ಟ್ಯಾಂಕ್ ಒಳಗಿನದು.

ಹಿಂದಿನ ಸೀಟಿನ ಕೆಳಗೆ

ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರುವಾಗ ಮಾಡಿ, ಪೂರ್ತಿ ತುಂಬಿದ್ದರೆ ಮುಚ್ಚಳ ತೆಗೆದ ಕೂಡಲೇ ಚೆಲ್ಲುತ್ತದೆ. ಮೊದಲು ಪಂಪ್ ಫ್ಯೂಸ್ ಕಿತ್ತು ಇಂಜಿನ್ ಸ್ಟಾರ್ಟ್ ಮಾಡಿ, ಅದು ತಾನೇ ಆಫ್ ಆಗುವವರೆಗೆ ಬಿಟ್ಟರೆ ಲೈನ್‌ನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚುವುದು. ನಾಲ್ಕೂ ಬಾಗಿಲು ತೆಗೆದಿಡುವುದು.

ಸೀಟಿನ ಕುಶನ್ ಎತ್ತಿದರೆ ಕಾರ್ಪೆಟ್ ಕೆಳಗೆ ತಗಡಿನ ಮುಚ್ಚಳ, ಅದನ್ನು ತೆಗೆದರೆ ಪಂಪ್ ಮಾಡ್ಯೂಲ್‌ನ ತಲೆ. ಅದರ ಸುತ್ತ ಹತ್ತು ವರ್ಷದ ಕೆಂಧೂಳು ಗಟ್ಟಿಯಾಗಿ ಕೂತಿತ್ತು. ಇದನ್ನು ಮೊದಲು ಬ್ರಶ್ ಮತ್ತು ವ್ಯಾಕ್ಯೂಮ್‌ನಿಂದ ಪೂರ್ತಿ ತೆಗೆಯದೆ ರಿಂಗ್ ತಿರುಗಿಸಿದರೆ ಆ ಧೂಳೆಲ್ಲ ಸೀದಾ ಟ್ಯಾಂಕ್‌ಗೆ. ಮೂಲೆಗಳಲ್ಲಿ ಹಳೇ ಟೂತ್‌ಬ್ರಶ್ ಚೆನ್ನಾಗಿ ಕೆಲಸ ಮಾಡಿತು. ಲೈನ್‌ನ ಕ್ವಿಕ್ ಕನೆಕ್ಟರ್ ಪ್ಲಾಸ್ಟಿಕ್‌ನದು, ವಯಸ್ಸಾಗಿ ಪೆಡಸಾಗಿರುತ್ತದೆ. ಎರಡೂ ಕಡೆ ಒತ್ತಿ, ಬಟ್ಟೆ ಸುತ್ತಿ, ನೇರವಾಗಿ ಎಳೆಯಬೇಕು, ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಪಟ್ ಅಂತ ಮುರಿಯುತ್ತದೆ. ಲಾಕ್ ರಿಂಗ್‌ಗೆ ಮರದ ತುಂಡು ಕೊಟ್ಟು ಮೆಲ್ಲಗೆ ತಟ್ಟಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಜಾಗವಲ್ಲ ಅದು.

ಮಾಡ್ಯೂಲ್ ಹೊರಗೆ ತೆಗೆಯುವಾಗ ಗೇಜ್‌ನ ತೇಲುವ ಕಡ್ಡಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಓರೆ ಮಾಡಿ ತಿರುಗಿಸುತ್ತಾ ತೆಗೆಯಬೇಕು. ಕಡ್ಡಿ ಬಾಗಿದರೆ ಪೆಟ್ರೋಲ್ ಮುಳ್ಳು ಮುಂದೆಂದೂ ನಿಜ ಹೇಳುವುದಿಲ್ಲ.

ಹೊರಗೆ ಬಂದ ಜಾಲರಿ ನೋಡಿದ ಮೇಲೆ ಉಳಿದ ಪ್ರಶ್ನೆಗಳೆಲ್ಲ ಮುಗಿದವು. ಪಂಪ್‌ನ ಬಾಯಿಗೆ ಸಣ್ಣ ಚೀಲದಂತೆ ಇರುವ ಈ ಜಾಲರಿ ಹೊಸದಿದ್ದಾಗ ಬಿಳಿ. ಇದು ಕಾಫಿ ಗಸಿಯ ಬಣ್ಣ, ಬೆರಳಿನಿಂದ ಒತ್ತಿದರೆ ಜಿಗುಟು. ಬೆಳಕಿಗೆ ಹಿಡಿದರೆ ಒಂದು ಮೂಲೆಯಲ್ಲಿ ಮಾತ್ರ ಬೆಳಕು ತೂರಿ ಬರುತ್ತಿತ್ತು, ಉಳಿದದ್ದು ಪೂರ್ತಿ ಮುಚ್ಚಿಹೋಗಿತ್ತು. ಹೀರುವಾಗ ಪೆಟ್ರೋಲ್ ಸಾಲದೆ ಒಳಗೆ ಗುಳ್ಳೆ ಏಳುವುದು ಇದರಿಂದಲೇ. ಪಂಪ್ ತಣ್ಣಗಿರುವುದು ಕೂಡ ಅದರೊಳಗೆ ಹರಿಯುವ ಪೆಟ್ರೋಲ್‌ನಿಂದ, ಹಾಗಾಗಿ ಇನ್ನೂ ಕೆಲವು ತಿಂಗಳು ಹೀಗೇ ಓಡಿಸಿದ್ದರೆ ಪಂಪ್ ಕೂಡ ಹೋಗುತ್ತಿತ್ತು.

ಟ್ಯಾಂಕ್ ಪ್ಲಾಸ್ಟಿಕ್‌ನದು, ತುಕ್ಕು ಬರುವ ಪ್ರಶ್ನೆ ಇಲ್ಲ. ವರ್ಷಗಟ್ಟಲೆ ಸೇರಿದ ಸಣ್ಣ ಮಣ್ಣು, ಹಳೇ ಪೆಟ್ರೋಲ್‌ನ ಅಂಟು. ಎಥನಾಲ್ ಇಂಥ ಅಂಟನ್ನು ಕರಗಿಸಿ ಎಬ್ಬಿಸುತ್ತದೆ, ಎದ್ದದ್ದು ಬಂದು ಕೂರುವುದು ಜಾಲರಿಯ ಮೇಲೆ. ನನ್ನ ಕಾರಿನಲ್ಲಿ ಎಷ್ಟು ಪಾಲು ಯಾವುದರದ್ದು ಅಂತ ಜಗಳ ಮಾಡಲು ಹೋಗುವುದಿಲ್ಲ. ಉಳಿದ ಪೆಟ್ರೋಲನ್ನು ಕೈಪಂಪ್‌ನಿಂದ ತೆಗೆದು, ನೂಲು ಬಿಡದ ಬಟ್ಟೆಯಿಂದ ತಳ ಒರೆಸಿದರೆ ಅಂಗೈಯಷ್ಟು ಜಾಗದಲ್ಲಿ ಅದೇ ಕಂದು ಕೆಸರು.

'ಅಸೆಂಬ್ಲಿನೇ ಬದಲಿಸಿಬಿಡಿ ಸರ್, ತಲೆನೋವು ಬೇಡ' ಅಂದರು ಮೆಕ್ಯಾನಿಕ್. ಅದು ಹಲವು ಸಾವಿರದ ಮಾತು. ಕೆಲವು ಕಾರುಗಳಲ್ಲಿ ಬೇರೆ ದಾರಿಯೂ ಇರುವುದಿಲ್ಲ, ಎಲ್ಲ ಸೇರಿ ಒಂದೇ ಪೀಸ್. ನನ್ನದರಲ್ಲಿ ಜಾಲರಿ ಮತ್ತು ಒಳಗಿನ ಫೈನ್ ಫಿಲ್ಟರ್ ಬಿಡಿಯಾಗಿ ಬರುತ್ತವೆ. ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಎರಡನ್ನೂ ತಂದೆ. ಹಳೇ ಜಾಲರಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮಾಡೆಲ್ ಹೆಸರು ಹೇಳಿದರೆ ಮೂರು ಥರದ್ದು ತೆಗೆದು ಮುಂದಿಡುತ್ತಾರೆ, ಬಾಯಿಯ ಅಳತೆ, ಕೂರುವ ಕೋನ ಎರಡೂ ಹೊಂದಬೇಕು. ಜೊತೆಗೆ ಟ್ಯಾಂಕ್ ಮೇಲಿನ ದೊಡ್ಡ ರಬ್ಬರ್ ಸೀಲ್ ಕೂಡ ಹೊಸದು ತನ್ನಿ. ಹಳೇದು ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಮತ್ತೆ ಚಡಿಗೆ ಕೂರುವುದಿಲ್ಲ. 2023ರ ಏಪ್ರಿಲ್ ನಂತರದ ಕಾರುಗಳಲ್ಲಿ ಇ20 ತಾಳುವ ರಬ್ಬರ್ ಇರುತ್ತದೆ, ನಮ್ಮ ಹಳೇ ಕಾರುಗಳದ್ದು ಹಾಗಲ್ಲ. ಸೀಲ್ ಕೊಳ್ಳುವಾಗ ಅದನ್ನೂ ಕೇಳಿ.

ಎಲ್ಲ ಜೋಡಿಸಿ ಮತ್ತೆ ಅದೇ ಅರ್ಧ ನಿಮಿಷದ ಪರೀಕ್ಷೆ ಮಾಡಿದೆವು. 600 ಮಿಲಿಲೀಟರ್‌ಗಿಂತ ಸ್ವಲ್ಪ ಜಾಸ್ತಿ, ಗುಳ್ಳೆ ಇಲ್ಲ. ಹಳೇ ಪಂಪ್‌ಗೆ ಇನ್ನೂ ಜೀವ ಇದೆ, ಅದನ್ನೇ ಉಳಿಸಿಕೊಂಡೆ. ತಗಡಿನ ಮುಚ್ಚಳ ಹಾಕುವ ಮೊದಲು ಕೀ ಕೆಲವು ಸಲ ಆನ್ ಆಫ್ ಮಾಡಿ ಒತ್ತಡ ತುಂಬಿಸಿ, ಕನೆಕ್ಟರ್ ಸುತ್ತ ಟಿಶ್ಯೂ ಒತ್ತಿ ನೋಡಿದೆ. ಒಣಗಿಯೇ ಇತ್ತು. ಆಮೇಲೆ ಸೀಟು ಕೂರಿಸಿದ್ದು.

ಆಮೇಲೆ

ಬ್ಯಾಟರಿ ಬಿಚ್ಚಿದ್ದರಿಂದ ಕಲಿತ ಟ್ರಿಮ್ ಅಳಿಸಿಹೋಗಿರುತ್ತದೆ. ಮೊದಲ ಸ್ವಲ್ಪ ದೂರ ಐಡಲ್ ಏರಿಳಿತ, ಗೇರ್ ಬದಲಿಸುವಾಗ ಸಣ್ಣ ಜರ್ಕ್ ಇದ್ದರೆ ಗಾಬರಿ ಬೇಡ. ಊರು, ಹೆದ್ದಾರಿ ಎರಡರಲ್ಲೂ ಓಡಾಡಿದ ಮೇಲೆ ನೋಡಿದರೆ ಲಾಂಗ್ ಟರ್ಮ್ ಐಡಲ್‌ನಲ್ಲಿ ಪ್ಲಸ್ 5, ಏರಿನಲ್ಲಿ ಪ್ಲಸ್ 6. ಇದು ಇ20ರ ಪಾಲು, ಇದಕ್ಕೆ ನಾನೇನೂ ಮಾಡುವ ಹಾಗಿಲ್ಲ. ಪೂರ್ತಿ ಪೆಡಲ್‌ನಲ್ಲಿ ಆಕ್ಸಿಜನ್ ಸೆನ್ಸರ್ 0.88ಕ್ಕೆ ಹೋಗಿ, 5,500 ಆರ್‌ಪಿಎಂವರೆಗೂ ಅಲ್ಲಾಡದೆ ಕೂತಿತು. ಈ ಸಲ ತಮ್ಮ ಏನೂ ಕೂಗಲಿಲ್ಲ.

ಪ್ಲಗ್‌ಗಳನ್ನೂ ಒಮ್ಮೆ ಬಿಚ್ಚಿ ನೋಡಿದೆ, ಲೀನ್ ಓಡಿದ್ದಕ್ಕೆ ತುದಿ ಬಿಳಿಚಿಕೊಂಡಿದ್ದವು ಬಿಟ್ಟರೆ ಸವೆತ ಏನಿಲ್ಲ, ಅವನ್ನೇ ವಾಪಸ್ ಹಾಕಿದೆ. ಎಸಿ ಹಾಕಿಕೊಂಡು ಏರು ಹತ್ತುವಾಗ ಕಾರು ಈಗಲೂ ಸ್ವಲ್ಪ ನಿಧಾನವೇ, 1.2 ಲೀಟರ್‌ನಿಂದ ಕಂಪ್ರೆಸರ್ ತಿರುಗಿಸಿಕೊಂಡು ಇನ್ನೆಷ್ಟು ಬರಬೇಕು? ಬ್ರೇಕ್‌ನ ಬಲಗಡೆ ಪಿನ್‌ಗಳಿಗೂ ಗ್ರೀಸ್ ಹಚ್ಚುವುದು ಬಾಕಿ ಇದೆ, ಜೊತೆಗೆ ಮುಂದಿನ ಪ್ಯಾಡ್ ಸೆಟ್ ಬದಲಿಸಬೇಕು.